ಕಸುಬು ಬಿಟ್ಟು ಹೊರಟವರು ಮತ್ತು ಕರಿಹಲಗೆ

ಪೇಟೆಯಲ್ಲಿ ಈಗ ಎಲ್ಲಿ ನೋಡಿದರೂ ಒಂದೇ ಮಾತು. ಕೆಲಸ ಬದಲಾಯಿಸಿಕೊಳ್ಳಿ, ಮೊಬೈಲಿನಲ್ಲೇ ಹೊಸ ವಿದ್ಯೆ ಕಲಿಯಿರಿ, ಆರೇ ತಿಂಗಳಲ್ಲಿ ಬದುಕು ಬೇರೆಯಾಗುತ್ತದೆ. ಬ್ಯಾಂಕಿನ ಗುಮಾಸ್ತ ಕಂಪ್ಯೂಟರ್ ಕಲಿತು ಕಂಪನಿ ಸೇರಿದ, ಇಂಜಿನಿಯರು ಕೆಲಸ ಬಿಟ್ಟು ಮೇಷ್ಟ್ರಾದ ಎಂಬ ಕತೆಗಳನ್ನು ಫೋಟೋ ಸಮೇತ ಅಚ್ಚು ಹಾಕುತ್ತಾರೆ. ಸಂತೋಷ. ಯಾರು ಏನು ಬೇಕಾದರೂ ಆಗಲಿ. ಆದರೆ ಕಸುಬು ಬದಲಾಯಿಸುವ ಹಂಬಲ ನಿನ್ನೆ ಮೊನ್ನೆ ಹುಟ್ಟಿದ್ದು ಅಂತ ಅವರು ಹೇಳುವಾಗ ನಾವು ಸುಮ್ಮನಿರಲಾರೆವು. ನಮ್ಮ ಕೇರಿಗಳಲ್ಲಿ ಅದು ಅಜ್ಜಂದಿರ ಅಜ್ಜಂದಿರ ಕಾಲದ್ದು. ಸತ್ತ ದನ ಎಳೆಯುವುದು, ತಮಟೆ ಬಡಿಯುವುದು, ಚರ್ಮ ಹದ ಮಾಡುವುದು, ಹೇಲು ಬಾಚುವುದು, ಗೌಡನ ಹೊಲದಲ್ಲಿ ಜೀತ ಮಾಡುವುದು. ಇವುಗಳಲ್ಲಿ ಯಾವ ಕೆಲಸಕ್ಕೂ ನಮ್ಮವರು ಅರ್ಜಿ ಹಾಕಿರಲಿಲ್ಲ. ಹುಟ್ಟಿದ ದಿನವೇ ನೇಮಕಾತಿ ಆಗಿಬಿಟ್ಟಿತ್ತು. ರಾಜೀನಾಮೆ ಕೊಡಲು ಮಾತ್ರ ದಾರಿ ಇರಲಿಲ್ಲ.

ಬಾಬಾಸಾಹೇಬರು 1936ರಲ್ಲಿ ಅಚ್ಚು ಮಾಡಿಸಿದ 'ಜಾತಿ ವಿನಾಶ'ದಲ್ಲಿ ಈ ಗಂಟನ್ನು ಬಿಡಿಸಿ ತೋರಿಸಿದರು. ಜಾತಿ ಎನ್ನುವುದು ಕೆಲಸದ ಹಂಚಿಕೆ ಮಾತ್ರವಲ್ಲ, ಕೆಲಸಗಾರರನ್ನೇ ಮೇಲೆ ಕೆಳಗೆ ಎಂದು ಪೇರಿಸಿಟ್ಟಿರುವ ವ್ಯವಸ್ಥೆ ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಕಾಲ ಬದಲಾದಾಗ ಒಂದು ಕಸುಬು ಸಾಯುತ್ತದೆ, ಇನ್ನೊಂದು ಹುಟ್ಟುತ್ತದೆ. ಮನುಷ್ಯ ಬದುಕಬೇಕಾದರೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಹಾಗೆ ದಾಟಲು ಬಿಡದ ಜಾತಿಯೇ ಈ ದೇಶದ ನಿರುದ್ಯೋಗಕ್ಕೆ ನೇರ ಕಾರಣಗಳಲ್ಲಿ ಒಂದು ಎಂಬುದು ಅವರ ವಾದ. ಇಂದಿನ ಜಾಹೀರಾತುಗಳು ಆರು ತಿಂಗಳ ಕೋರ್ಸಿನಿಂದ ಸಾಧ್ಯ ಅನ್ನುವುದನ್ನು ಅವರು ಒಂದು ಸಮಾಜದ ಬುಡದ ಪ್ರಶ್ನೆಯಾಗಿ ಕಂಡಿದ್ದರು.

ಇಲ್ಲಿ ನಾವು ನೋಡಹೊರಟಿರುವುದು ಈ ಚರಿತ್ರೆಯ ಒಂದು ಮಗ್ಗುಲು. ಮರಳು, ಕಡತ, ಕರಿಹಲಗೆ, ರಾತ್ರಿಶಾಲೆಯ ದೀಪ, ಟಿವಿ ಪೆಟ್ಟಿಗೆ, ಅಂಚೆಯಲ್ಲಿ ಬಂದ ಪಾಠ, ಮೊಬೈಲು. ಕಲಿಕೆಯ ಇಂಥ ಒಂದೊಂದು ಸಲಕರಣೆಯೂ ಬಂದಾಗ ಕಸುಬು ಬಿಟ್ಟು ಹೊರಟವರ ಕೈಗೆ ಸಿಕ್ಕಿತೆ? ಸಿಗದಿದ್ದರೆ ತಡೆದದ್ದು ಯಾವುದು?

*

ಬಳ್ಳಾರಿಯಿಂದ ಶುರು ಮಾಡೋಣ. 1823ರಲ್ಲಿ ಅಲ್ಲಿನ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸು ಸರಕಾರಕ್ಕೆ ಶಾಲೆಗಳ ಬಗ್ಗೆ ಒಂದು ವರದಿ ಕಳಿಸಿದ. ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಾರೆ, ಆಮೇಲೆ ಕಡತದ ಮೇಲೆ ಬಳಪದಿಂದ ಬರೆಯುತ್ತಾರೆ ಎಂದು ಅದರಲ್ಲಿದೆ. ಕಡತ ಅಂದರೆ ಇದ್ದಿಲು ಗಂಜಿ ಬಳಿದು ಗಟ್ಟಿ ಮಾಡಿದ ಬಟ್ಟೆ. ಮಡಿಚಿ ಇಡಬಹುದು, ಒರೆಸಿ ಮತ್ತೆ ಬರೆಯಬಹುದು. ಮುಂದೆ ಹೋದ ಹುಡುಗ ಹಿಂದಿನವನಿಗೆ ಹೇಳಿಕೊಡುತ್ತಾನೆ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಯ್ಗೆಯವರು ಬಡವಾದದ್ದರಿಂದ ಮಕ್ಕಳನ್ನು ಶಾಲೆಗೆ ಕಳಿಸಲಾಗುತ್ತಿಲ್ಲ ಎಂಬುದನ್ನೂ ಅದೇ ಕಲೆಕ್ಟರ್ ಒಪ್ಪಿಕೊಂಡು ಬರೆದ.

ಇದೇ ಮರಳು ಅದಕ್ಕೂ ಮೊದಲೇ ಸಮುದ್ರ ದಾಟಿತ್ತು. 1789ರಲ್ಲಿ ಮದರಾಸಿನ ಎಗ್ಮೋರಿನ ಸೈನಿಕರ ಅನಾಥಾಲಯಕ್ಕೆ ಮೇಲ್ವಿಚಾರಕನಾಗಿ ಬಂದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಇಲ್ಲಿನ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡ. ತನ್ನ ಶಾಲೆಯಲ್ಲೂ ಅದನ್ನು ತಂದ. ದೊಡ್ಡ ಹುಡುಗರಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಲಂಡನ್ನಿನಲ್ಲಿ ಆ ಬಗ್ಗೆ ಪುಸ್ತಕ ಮಾಡಿಸಿದ. ಅದು 'ಮದರಾಸು ಪದ್ಧತಿ' ಎಂದು ಹೆಸರಾಯಿತು. ಇಂಗ್ಲೆಂಡಿನ ಬಡವರ ಮಕ್ಕಳು ನೂರಾರು ಸಂಖ್ಯೆಯಲ್ಲಿ ಒಂದೇ ಕೋಣೆಯಲ್ಲಿ ಕೂತು ಅಕ್ಷರ ಕಲಿತರು.

ನೋಡಿ ಗೆಳೆಯರೆ. ನಮ್ಮ ಕಡೆಯ ಜಗಲಿಯ ಮರಳು ಸಾವಿರಾರು ಮೈಲಿ ದಾಟಿ ಲಂಡನ್ನಿನ ಬಡಮಕ್ಕಳ ಮುಂದೆ ಹರಡಿಕೊಂಡಿತು. ಅದೇ ಜಗಲಿಯಿಂದ ಕೂಗಳತೆಯಲ್ಲಿದ್ದ ಕೇರಿಗೆ ಬರಲಿಲ್ಲ. ಆ ಕಾಲದ ಮದರಾಸು ಸಮೀಕ್ಷೆಯ ನಮೂನೆಯಲ್ಲಿ ಬ್ರಾಹ್ಮಣ, ವೈಶ್ಯ, ಶೂದ್ರ, ಮುಸಲ್ಮಾನ ಎಂಬ ಕಾಲಂಗಳಿದ್ದವು. ಉಳಿದವರೆಲ್ಲ 'ಇತರ ಜಾತಿಗಳು'. ಅದರೊಳಗೆ ನಮ್ಮವರು ಎಲ್ಲೋ ಒಬ್ಬಿಬ್ಬರು ಇದ್ದರೂ ಇದ್ದಾರು. ಆದರೆ ಮರಳೇನು ಕಾಸು ಕೊಟ್ಟು ತರುವ ಸಾಮಾನಲ್ಲ. ನಮ್ಮ ಹಳ್ಳದಲ್ಲೇ ರಾಶಿ ಬಿದ್ದಿತ್ತು. ಕೊರತೆ ಇದ್ದದ್ದು ಜಗಲಿ ಹತ್ತುವ ಹಕ್ಕಿಗೆ. ಸಲಕರಣೆ ಅಗ್ಗವಾದರೆ ವಿದ್ಯೆ ಎಲ್ಲರಿಗೂ ಸಿಗುತ್ತದೆ ಅನ್ನುವವರು ಈ ಒಂದು ಉದಾಹರಣೆಯನ್ನು ನೆನಪಿಟ್ಟುಕೊಂಡರೆ ಸಾಕು.

*

ಎರಡನೆಯ ಉದಾಹರಣೆ ಧಾರವಾಡದ್ದು. 1856ರ ಜೂನ್ ತಿಂಗಳು. ಒಬ್ಬ ಮಹಾರ ಹುಡುಗ ತನ್ನನ್ನು ಅಲ್ಲಿನ ಸರಕಾರಿ ಶಾಲೆಗೆ ಸೇರಿಸಿಕೊಳ್ಳುತ್ತಿಲ್ಲವೆಂದು ಮುಂಬಯಿ ಸರಕಾರಕ್ಕೆ ಅರ್ಜಿ ಕೊಟ್ಟ. ಅವನು ಕೇಳಿದ್ದು ಭೂಮಿಯಲ್ಲ, ಪದವಿಯಲ್ಲ. ಸರಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲಿ ಕೂರಲು ಜಾಗ. ಸರಕಾರದ ಉತ್ತರವನ್ನು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. ನ್ಯಾಯ ಅರ್ಜಿದಾರನ ಕಡೆ ಇದೆ ಎಂದು ಅದು ಒಪ್ಪಿತು. ಆದರೆ ಒಬ್ಬನಿಗಾಗಿ ಶಾಲೆಯನ್ನು ಉಳಿದ ಬಹುಮಂದಿಗೆ ನಿರುಪಯೋಗಿ ಮಾಡಲಾಗದು ಎಂದು ಬಾಗಿಲು ಹಾಕಿತು. 1858ರಲ್ಲಿ ಕಂಪನಿಯ ನಿರ್ದೇಶಕ ಮಂಡಳಿ ಸರಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ಸೇರಿದ್ದು ಎಂದು ಹೇಳಿತು. ಕಾಗದದ ಮೇಲೆ ನಾವು ಗೆದ್ದೆವು. 1928ರಲ್ಲಿ ಅಂಬೇಡ್ಕರ್ ಸೈಮನ್ ಆಯೋಗದ ಮುಂದೆ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಹೇಳಿಕೆ ಕೊಟ್ಟಾಗ ಈ ಧಾರವಾಡದ ಅರ್ಜಿಯನ್ನು ಎತ್ತಿ ಹಿಡಿದರು. ಎಪ್ಪತ್ತು ವರ್ಷ ಕಳೆದರೂ ಅದು ಹಳೆಯದಾಗಿರಲಿಲ್ಲ.

ಹಾಗಾದರೆ ನಮ್ಮವರಿಗೆ ಅಕ್ಷರದ ಬಾಗಿಲು ಮೊದಲು ತೆರೆದದ್ದೆಲ್ಲಿ? ಒಂದು ಬಾಗಿಲು ಮಿಷನರಿಗಳದ್ದು, ಇನ್ನೊಂದು ಸೈನ್ಯದ್ದು. ಅಂಬೇಡ್ಕರ್ ಅವರ ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದರು, ಅಲ್ಲಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಊರಿನಲ್ಲಿ ಮುಟ್ಟಿಸಿಕೊಳ್ಳದವರ ಮಗ ಸೈನ್ಯದೊಳಗೆ ಮೇಷ್ಟ್ರಾಗಿದ್ದ. ಜಾತಿ ಕೊಟ್ಟ ಕಸುಬಿನಿಂದ ಕಲಿಸುವ ಕಸುಬಿಗೆ ದಾಟಿದವರ ಮೊದಲ ಸಾಲಿನಲ್ಲಿ ಅವರಿದ್ದಾರೆ. 1890ರ ದಶಕದಲ್ಲಿ ಬ್ರಿಟಿಷರು ಮಹಾರರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದಾಗ ಆ ಬಾಗಿಲೂ ಮುಚ್ಚಿತು.

ಮೇಷ್ಟ್ರ ಮಗ ಶಾಲೆಗೆ ಹೋದಾಗ ಏನಾಯಿತು ಎಂಬುದು ನಿಮಗೆ ಗೊತ್ತು. ಸಾತಾರಾದ ಶಾಲೆಯಲ್ಲಿ ಕೂರಲು ಪ್ರತ್ಯೇಕ ಗೋಣಿತಟ್ಟು. ಕಸ ಗುಡಿಸುವ ಆಳೂ ಅದನ್ನು ಮುಟ್ಟುವುದಿಲ್ಲ. ಸಂಜೆ ಮನೆಗೆ ಹೊತ್ತುಕೊಂಡು ಹೋಗಿ ಬೆಳಗ್ಗೆ ಮತ್ತೆ ತರಬೇಕು. ಜವಾನ ಬಾರದ ದಿನ ನೀರಿಲ್ಲ. ಆಮೇಲೆ ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಒಂದು ದಿನ ಮೇಷ್ಟ್ರು ಲೆಕ್ಕ ಮಾಡಲು ಕರಿಹಲಗೆಯ ಹತ್ತಿರ ಕರೆದರು. ತರಗತಿಯಲ್ಲಿ ಗದ್ದಲವೆದ್ದಿತು. ಹುಡುಗರ ಬುತ್ತಿ ಡಬ್ಬಗಳು ಹಲಗೆಯ ಹಿಂದಿದ್ದವು. ಭೀಮರಾವ್ ಹಲಗೆ ಮುಟ್ಟುವ ಮೊದಲೇ ಎಲ್ಲರೂ ನುಗ್ಗಿ ತಮ್ಮ ಡಬ್ಬಗಳನ್ನು ಎತ್ತಿಕೊಂಡರು.

ಕರಿಹಲಗೆ ಆ ಕಾಲದ ದೊಡ್ಡ ಹೊಸ ಸಲಕರಣೆ. ಒಬ್ಬ ಬರೆದರೆ ನಲವತ್ತು ಮಂದಿಗೆ ಕಾಣುತ್ತದೆ. ಅದು ಯಾರ ಜಾತಿಯನ್ನೂ ಕೇಳುವುದಿಲ್ಲ, ನಿಜ. ಆದರೆ ಅದರ ಹಿಂದೆ ಬುತ್ತಿ ಡಬ್ಬ ಇಟ್ಟವರು ಕೇಳುತ್ತಾರೆ. ಅಂದಿನಿಂದ ಇಂದಿನವರೆಗೆ ಯಾವ ಹೊಸ ಸಲಕರಣೆ ಬಂದರೂ ಅದರ ಹಿಂದೆ ಏನಿಟ್ಟಿದ್ದಾರೆ ಅಂತ ನಾವು ಮೊದಲು ಬಗ್ಗಿ ನೋಡಬೇಕಾಗಿದೆ.

ಕಾರ್ಖಾನೆಯ ಯಂತ್ರವೂ ಹೀಗೆಯೇ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಹೆಚ್ಚು ಕೂಲಿ ಸಿಗುತ್ತಿದ್ದದ್ದು ನೇಯ್ಗೆ ವಿಭಾಗದಲ್ಲಿ. ಅಲ್ಲಿಗೆ ಅಸ್ಪೃಶ್ಯರನ್ನು ಬಿಡುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕು, ಎಂಜಲು ತಾಕುತ್ತದೆ ಎಂಬುದು ಕಾರಣ. 1928ರ ದೊಡ್ಡ ಮುಷ್ಕರದ ಹೊತ್ತಿನಲ್ಲಿ ಈ ವಿಭಾಗವನ್ನು ನಮ್ಮವರಿಗೂ ತೆರೆಯಬೇಕೆಂದು ಅಂಬೇಡ್ಕರ್ ಕಾರ್ಮಿಕ ನಾಯಕರನ್ನು ಒತ್ತಾಯಿಸಬೇಕಾಯಿತು. ಹಳ್ಳಿಯ ಕಸುಬು ಬಿಟ್ಟು ಪೇಟೆಯ ಯಂತ್ರದ ಮುಂದೆ ನಿಂತರೂ ಜಾತಿ ಹಿಂದೆಯೇ ಬಂದು ನಿಂತಿತ್ತು.

*

ದುಡಿಯುವವನು ಕಲಿಯಬೇಕಾದರೆ ಅವನಿಗೆ ಮೊದಲು ಬೇಕಾದ ಸಲಕರಣೆ ಯಾವುದು? ಪುಸ್ತಕವೂ ಅಲ್ಲ, ಸ್ಲೇಟೂ ಅಲ್ಲ. ಹೊತ್ತು. ಹಗಲು ಹೊಲದಲ್ಲಿ ಸತ್ತವನಿಗೆ ಹಗಲಿನ ಶಾಲೆ ಇದ್ದೂ ಇಲ್ಲದ ಹಾಗೆ. ಇದನ್ನು ಮೊದಲು ಕಂಡುಕೊಂಡವರಲ್ಲಿ ಜೋತಿಬಾ ಫುಲೆ ಒಬ್ಬರು. 1848ರಲ್ಲಿ ಪುಣೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಅವರು, 1855ರಲ್ಲಿ ಕೂಲಿಕಾರರಿಗೆ, ರೈತರಿಗೆ ರಾತ್ರಿಶಾಲೆ ತೆರೆದರು. 1882ರಲ್ಲಿ ಹಂಟರ್ ಆಯೋಗದ ಮುಂದೆ, ರೈತರ ಕಂದಾಯದ ದುಡ್ಡು ಮೇಲಿನವರ ಓದಿಗೆ ಹರಿಯುತ್ತಿದೆ ಎಂದು ನೇರವಾಗಿ ಹೇಳಿದರು.

ನಮ್ಮ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ತಾವು ಹುಟ್ಟಿದ ಸಮುದಾಯದಿಂದಲೇ ಬಹಿಷ್ಕಾರ ಉಂಡರು. ಅಕ್ಷರದ ಜೊತೆಗೆ ಕೈಕೆಲಸವನ್ನೂ ಕಲಿಸಿದರು. ದಲಿತರ ಮಗು ಓದಿ ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಓಡಾಡಬೇಕು, ಆ ಕಾರಿನ ಧೂಳು ತನಗೆ ತಾಗಿದರೆ ತಾನು ಧನ್ಯ ಎಂಬ ಅವರ ಆಸೆ ಆ ಕಡೆ ಇಂದಿಗೂ ಜನರ ಬಾಯಲ್ಲಿದೆ. ಕಸುಬು ಬದಲಾಗಬೇಕು ಎಂಬ ಗುರಿಯನ್ನು ಇದಕ್ಕಿಂತ ಸರಳವಾಗಿ ಹೇಳಲು ಬರುವುದಿಲ್ಲ.

ಅಂಬೇಡ್ಕರ್ 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ಬೆಳಗಿನ ಹೊತ್ತು ತರಗತಿ ಇಟ್ಟರು. ಬೆಳಗ್ಗೆ ಪಾಠ, ಆಮೇಲೆ ಆಫೀಸು, ಅಂಗಡಿ, ಗಿರಣಿ. ದುಡಿಯುತ್ತಲೇ ಪದವಿ ಪಡೆಯುವವನ ದಿನಚರಿಯನ್ನು ನೋಡಿ ವೇಳಾಪಟ್ಟಿ ಬರೆದರು. ಹೊಸ ಯಂತ್ರ ಏನೂ ಇರಲಿಲ್ಲ. ಆದರೂ ಇದು ನಮ್ಮ ಶಿಕ್ಷಣ ಚರಿತ್ರೆಯ ದೊಡ್ಡ ಆವಿಷ್ಕಾರ ಎಂದು ನಾವು ತಿಳಿಯುತ್ತೇವೆ.

*

ಇನ್ನು ಆಕಾಶದಿಂದ ಬಂದ ಮೇಷ್ಟ್ರ ಕತೆ. 1975ರ ಆಗಸ್ಟ್ 1ರಂದು ಅಮೆರಿಕದ ನಾಸಾದಿಂದ ಒಂದು ವರ್ಷಕ್ಕೆ ಎರವಲು ಪಡೆದ ಎಟಿಎಸ್-6 ಎಂಬ ಉಪಗ್ರಹದಿಂದ ಭಾರತದ ಹಳ್ಳಿಗಳಿಗೆ ಟಿವಿ ಪಾಠ ಶುರುವಾಯಿತು. ಅದರ ಹೆಸರು 'ಸೈಟ್'. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು. ಕರ್ನಾಟಕದಲ್ಲಿ ರಾಯಚೂರು, ಬಿಜಾಪುರ, ಗುಲಬರ್ಗಾ ಜಿಲ್ಲೆಗಳು. ಕೋಳಿಗೂಡಿನ ಬಲೆಯಂಥ ತಂತಿಯಿಂದ ಮಾಡಿದ ಹತ್ತು ಅಡಿ ಅಗಲದ ಆಂಟೆನಾ. ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಒಂದು ಪೆಟ್ಟಿಗೆ. ಬೆಳಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳಿಗೆ ವಿಜ್ಞಾನ ಕಲಿಸುವ ತರಬೇತಿಯೂ ಅದರಲ್ಲಿಯೇ.

ಬೆಂಗಳೂರಿನ ಮನೆಗಳಿಗೇ ಟಿವಿ ಬಾರದಿದ್ದ ಕಾಲದಲ್ಲಿ ಬರದ ನಾಡಿನ ಹಳ್ಳಿಗೆ ಮೊದಲು ಬಂತು. ಇದನ್ನು ನಾವು ಸಣ್ಣದೆಂದು ತಳ್ಳಿಹಾಕುವುದಿಲ್ಲ. ಮನೆಯೊಳಗಿನ ಪೆಟ್ಟಿಗೆಯಲ್ಲ, ಸಾರ್ವಜನಿಕ ಪೆಟ್ಟಿಗೆ. ಕಾನೂನಿನ ಪ್ರಕಾರ ಅದರ ಮುಂದೆ ಯಾರು ಬೇಕಾದರೂ ಕೂರಬಹುದು. ಆದರೆ ಕಟ್ಟಡ ಊರಿನಲ್ಲಿ, ಕೇರಿಯಲ್ಲಲ್ಲ. ಬೀಗದ ಕೈ ಒಬ್ಬರ ಬಳಿ. ದೇವರು ಕೊಟ್ಟರೂ ಪೂಜಾರಿ ಬಿಡ ಎಂಬ ಗಾದೆ ನಮ್ಮ ಜನಕ್ಕೆ ಸುಮ್ಮನೆ ಹುಟ್ಟಿದ್ದಲ್ಲ. ಇನ್ನೊಂದು ವಿಷಯ. ಅದು ತುರ್ತು ಪರಿಸ್ಥಿತಿಯ ಕಾಲ. ಪೆಟ್ಟಿಗೆ ಮಾತಾಡುತ್ತಿತ್ತು, ಕೇಳಿಸಿಕೊಳ್ಳುತ್ತಿರಲಿಲ್ಲ. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯಿತು. ಜೀತದಾಳಿಗೆ ಆಗ ಬೇಕಾಗಿದ್ದದ್ದು 'ನನ್ನ ಸಾಲ ನಿಜವಾಗಿಯೂ ತೀರಿತೆ? ಯಾರ ಹತ್ತಿರ ಹೋಗಲಿ?' ಎಂಬ ಪ್ರಶ್ನೆಗೆ ಉತ್ತರ. ಪ್ರಶ್ನೆ ಕೇಳಲು ಬಾರದ ಸಲಕರಣೆಯಿಂದ ಆ ಉತ್ತರ ಪಡೆಯುವುದು ಹೇಗೆ? 1976ರ ಜುಲೈ 31ಕ್ಕೆ ಗಡುವು ಮುಗಿಯಿತು, ಉಪಗ್ರಹ ಬೇರೆ ಕಡೆ ಹೋಯಿತು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಮುಂದೆ ಟಿವಿ ಪಾಠದ ಪೆಟ್ಟಿಗೆಯಿಂದ ಸಿನಿಮಾ, ಜಾಹೀರಾತಿನ ಪೆಟ್ಟಿಗೆಯಾದದ್ದು ಎಲ್ಲರಿಗೂ ಗೊತ್ತು.

2004ರ ಸೆಪ್ಟೆಂಬರ್ 20ರಂದು ನಮ್ಮದೇ ಉಪಗ್ರಹ 'ಎಜುಸ್ಯಾಟ್' ಹಾರಿತು. ಮೊದಲು ಪ್ರಯೋಗ ಮಾಡಿದ ಕಡೆಗಳಲ್ಲಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳೂ ಇದ್ದವು. ಅದಕ್ಕೂ ಮೊದಲು, 1987ರಲ್ಲಿ, ಸರಕಾರ 'ಕರಿಹಲಗೆ ಕಾರ್ಯಾಚರಣೆ' ಶುರು ಮಾಡಿತ್ತು. ಪ್ರತಿ ಪ್ರಾಥಮಿಕ ಶಾಲೆಗೆ ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು, ಕರಿಹಲಗೆ, ನಕಾಶೆ ಕೊಡಬೇಕೆಂಬ ಯೋಜನೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಆಕಾಶದಿಂದ ಮೊದಲ ಪಾಠ ಬಂದು ಹನ್ನೆರಡು ವರ್ಷವಾದ ಮೇಲೆ ಈ ದೇಶ ತನ್ನ ಶಾಲೆಗಳಿಗೆ ಕರಿಹಲಗೆ ಕೊಡುವ ಕಾರ್ಯಾಚರಣೆ ಮಾಡಬೇಕಾಯಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ.

*

ಕಸುಬು ಬಿಟ್ಟು ಹೊರಟ ದೊಡ್ಡವರಿಗೆ ಹೆಚ್ಚು ನೆರವಾದದ್ದು ಅಂಚೆ. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಶಿಕ್ಷಣ ಸಂಸ್ಥೆ ಶುರು ಮಾಡಿತು. 1996ರಲ್ಲಿ ಅದರ ಜಾಗದಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬಂತು. ಹಗಲು ಅಂಗಡಿಯಲ್ಲಿ ಮೂಟೆ ಹೊತ್ತು, ಜವಾನನ ಕೆಲಸ ಮಾಡಿ, ಅಂಗನವಾಡಿಯಲ್ಲಿ ದುಡಿದು, ರಾತ್ರಿ ಕಟ್ಟು ಬಿಚ್ಚಿ ಓದಿದವರನ್ನು ನಾವು ಬಲ್ಲೆವು. ನಮ್ಮ ಕೇರಿಗಳ ಎಷ್ಟೋ ಮಂದಿಯ ಮೊದಲ ಪದವಿ ಹೀಗೆ ಕಂದು ಲಕೋಟೆಯಲ್ಲಿ ಬಂತು. ಅವರ ಗುರಿ ಏನಿತ್ತು ಅಂತ ಕೇಳಿದರೆ ಒಬ್ಬರೂ ದೊಡ್ಡ ಮಾತು ಆಡುವುದಿಲ್ಲ. ಬಡ್ತಿ ಬೇಕಿತ್ತು. ಬಡ್ಡಿಯ ಪತ್ರ ಓದಲು ಬರಬೇಕಿತ್ತು. ಮಗಳ ಮುಂದೆ ಹೆಬ್ಬೆಟ್ಟು ಒತ್ತುವುದು ತಪ್ಪಬೇಕಿತ್ತು.

2015ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಈ ಮುಕ್ತ ವಿಶ್ವವಿದ್ಯಾನಿಲಯದ ಕೋರ್ಸುಗಳ ಮಾನ್ಯತೆಯನ್ನು ಹಿಂತೆಗೆದುಕೊಂಡಿತು; 2018ರಲ್ಲಿ ಮರಳಿ ಕೊಟ್ಟಿತು. ನಿಯಮ ಮುರಿದವರು ಯಾರು, ಜಗಳ ಯಾರದ್ದು ಎಂಬುದು ಕಡತಗಳಲ್ಲಿದೆ. ನಡುವೆ ಸಿಕ್ಕಿದವರು ವಿದ್ಯಾರ್ಥಿಗಳು. ಉಳ್ಳವನಿಗೆ ಅದು ಕಳೆದುಹೋದ ಎರಡು ವರ್ಷ. ಮೂವತ್ತೈದರ ವಯಸ್ಸಿನಲ್ಲಿ, ಸಾಲ ಮಾಡಿ ಶುಲ್ಕ ಕಟ್ಟಿದವನಿಗೆ ನೇಮಕಾತಿಯ ವಯೋಮಿತಿಯೇ ದಾಟಿಹೋಗುವ ಸಂಗತಿ.

ಆಮೇಲೆ 2020. ಮಾರ್ಚಿನಲ್ಲಿ ಶಾಲೆ ಕಾಲೇಜು ಮುಚ್ಚಿದವು. ಪಾಠವೆಲ್ಲ ಮೊಬೈಲಿಗೆ ಬಂತು. ಅದಕ್ಕೂ ಮೊದಲೇ, 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಲೆಕ್ಕ ಕೊಟ್ಟಿತ್ತು. ಹಳ್ಳಿಯ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇಕಡಾ 4.4ರಷ್ಟರಲ್ಲಿ, ಇಂಟರ್ನೆಟ್ ಸೌಲಭ್ಯ ಇದ್ದದ್ದು ಶೇಕಡಾ 14.9ರಷ್ಟರಲ್ಲಿ. ಪಟ್ಟಣದಲ್ಲಿ 23.4 ಮತ್ತು 42. ಈ ಲೆಕ್ಕ ಕೈಯಲ್ಲಿಟ್ಟುಕೊಂಡೇ ಪಾಠವನ್ನು ಮೊಬೈಲಿಗೆ ಸಾಗಿಸಿದರು. ನಮ್ಮ ತಲೆಮಾರಿನವರು ಅದನ್ನು ಮೈಮೇಲೆ ಅನುಭವಿಸಿದೆವು. ಮನೆಗೆ ಒಂದು ಫೋನು. ಅಪ್ಪ ಕೂಲಿಗೆ ಹೋಗುವಾಗ ಅದೂ ಜೊತೆಗೆ ಹೋಗುತ್ತಿತ್ತು. ಸಿಗ್ನಲ್ ಸಿಗುವ ಏರಿಯ ಮೇಲೆ ಕೂತರೆ ಹಾಜರಿ, ಇಲ್ಲದಿದ್ದರೆ ಗೈರು.

ಆ ವರ್ಷ ಆಗಸ್ಟಿನಲ್ಲಿ ಸರಕಾರ 'ವಿದ್ಯಾಗಮ' ತಂದಿತು. ಮೇಷ್ಟ್ರುಗಳೇ ಮಕ್ಕಳಿದ್ದಲ್ಲಿಗೆ ಹೋಗಿ ಮರದ ಕೆಳಗೆ, ಜಗಲಿಯ ಮೇಲೆ, ಗುಡಿಯ ಅಂಗಳದಲ್ಲಿ ಪಾಠ ಮಾಡಿದರು. ರೋಗಕ್ಕೆ ಹೆದರದೆ ಕೇರಿಗೆ ನಡೆದು ಬಂದ ಆ ಮೇಷ್ಟ್ರುಗಳಿಗೆ ನಮ್ಮ ನಮಸ್ಕಾರ. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಗಮನಿಸಿ: ಬಳ್ಳಾರಿಯ ವರದಿಯಾಗಿ ಸುಮಾರು ಇನ್ನೂರು ವರ್ಷದ ಮೇಲೆ ಪಾಠ ಮತ್ತೆ ಜಗಲಿಗೆ ಬಂದಿತ್ತು. ಗುಡಿಯ ಅಂಗಳ, ಊರ ಜಗಲಿ ಎಂದಾಗ ನಮ್ಮ ಮಕ್ಕಳ ತಾಯಂದಿರು ಒಮ್ಮೆ ತಡೆದು ನಿಲ್ಲುತ್ತಾರೆ. ಆ ಅನುಮಾನ ಇಲ್ಲದ ಜಗಲಿ ಪ್ರತಿ ಊರಿನಲ್ಲೂ ಇದೆ ಎಂದು ಎದೆ ಮುಟ್ಟಿ ಹೇಳುವವರು ಯಾರು?

*

ಸಲಕರಣೆಯನ್ನೇ ಬೇಡ ಅನ್ನುವುದು ನಮ್ಮ ಮಾತಲ್ಲ. ಹಾಗೆ ಹೇಳುವವರು ನಮ್ಮನ್ನು ಮತ್ತೆ ತಮಟೆಗೆ ಕಟ್ಟುವವರು. ಸಲಕರಣೆ ನಮ್ಮ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ನಮ್ಮ ಬೀದರಿನ ಗಡಿಯಾಚೆ, ತೆಲಂಗಾಣದ ಜಹೀರಾಬಾದ್ ಕಡೆಯ ಮಾಚನೂರು ಎಂಬ ಹಳ್ಳಿಯಲ್ಲಿ 2008ರ ಅಕ್ಟೋಬರ್ 15ರಂದು 'ಸಂಗಮ್ ರೇಡಿಯೊ' ಶುರುವಾಯಿತು. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಸೇರಿದ ದಲಿತ ಹೆಣ್ಣುಮಕ್ಕಳು ಅದನ್ನು ನಡೆಸುತ್ತ ಬಂದಿದ್ದಾರೆ. ಕೂಲಿ ಮಾಡುತ್ತಿದ್ದ ಕೈಗಳು ಧ್ವನಿಮುದ್ರಣ ಕಲಿತವು, ಕ್ಯಾಮೆರಾ ಹಿಡಿದವು. ಬೀಜ, ಬೆಳೆ, ಹಾಡು, ಆರೋಗ್ಯ ಎಲ್ಲವೂ ಅವರ ಮಾತಿನಲ್ಲೇ. ಸೈಟ್ ಪೆಟ್ಟಿಗೆಯ ಮುಂದೆ ಕೇಳುತ್ತ ಕೂರಬೇಕಾಗಿತ್ತು. ಇಲ್ಲಿ ಹೇಳುವವರೂ ಅವರೇ, ಬೀಗದ ಕೈಯೂ ಅವರದೇ. ಕಸುಬು ಬದಲಾಗುವುದು ಎಂದರೆ ನಾವು ತಿಳಿಯುವುದು ಇದನ್ನು.

ಎದುರಿಗೆ ಇನ್ನೊಂದು ಚಿತ್ರವಿದೆ. ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ ಕರ್ನಾಟಕದಲ್ಲಿ ನಿಲ್ಲಿಸಲು ಹೊರಟವರು ಬಿ. ಬಸವಲಿಂಗಪ್ಪ. 1993ರಲ್ಲಿ ದೇಶಕ್ಕೆ ಒಂದು ಕಾಯ್ದೆ, 2013ರಲ್ಲಿ ಇನ್ನೊಂದು. 2013ರ ನಂತರದ ಪುನರ್ವಸತಿ ಯೋಜನೆಯಲ್ಲಿ ಒಂದು ಸಲಕ್ಕೆ 40,000 ರೂಪಾಯಿ, ಎರಡು ವರ್ಷದವರೆಗೆ ತರಬೇತಿ, ತಿಂಗಳಿಗೆ 3,000 ರೂಪಾಯಿ ಭತ್ಯ ಎಂದು ಬರೆಯಲಾಯಿತು. ಕಸುಬು ಬದಲಾಯಿಸುವ ಹಕ್ಕನ್ನು ಕಾನೂನೇ ಕೊಟ್ಟ ದೊಡ್ಡ ಉದಾಹರಣೆ ಇದು. ಆದರೆ ಗುಂಡಿಗೆ ಇಳಿದು ಸಾಯುವುದು ನಿಂತಿಲ್ಲ. ತಿಂಗಳಿಗೆ ಮೂರು ಸಾವಿರದಲ್ಲಿ ಸಂಸಾರ ನಡೆಸುತ್ತ ಎರಡು ವರ್ಷ ಕಲಿಯಬಲ್ಲವರು ಯಾರು? ತರಬೇತಿ ಮುಗಿಸಿ ಟೀ ಅಂಗಡಿ ಇಟ್ಟರೆ ಅವನ ಕೈಯ ಟೀ ಕುಡಿಯುವವರು ಎಷ್ಟು ಮಂದಿ?

ಈ ಚರಿತ್ರೆಯಿಂದ ನಾವು ನಾಲ್ಕು ಪ್ರಶ್ನೆಗಳನ್ನು ಎತ್ತಿಕೊಳ್ಳುತ್ತೇವೆ. ಹಳ್ಳಿಯ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ತಮ್ಮ ಊರಿನಲ್ಲಿ ಇವನ್ನು ಕೇಳಲಿ. ಶಾಲೆಗೆ ಬಂದ ಕಂಪ್ಯೂಟರ್ ಯಾವ ಕೋಣೆಯಲ್ಲಿದೆ, ಬೀಗದ ಕೈ ಯಾರ ಬಳಿ ಇದೆ? ಪಾಠದ ಹೊತ್ತು ಕೂಲಿಯವನ ಹೊತ್ತಿಗೆ ಹೊಂದುತ್ತದೆಯೆ? ಪಾಠ ಕನ್ನಡದಲ್ಲಿದೆಯೆ, ಪ್ರಶ್ನೆ ಕೇಳಿದರೆ ಉತ್ತರಿಸಲು ಆ ಕಡೆ ಒಬ್ಬ ಮನುಷ್ಯ ಇದ್ದಾನೆಯೆ? ಕಲಿತು ಬಂದವನನ್ನು ಹೊಸ ಕೆಲಸದಲ್ಲಿ ಜನ ಕೂರಿಸಿಕೊಳ್ಳುತ್ತಾರೆಯೆ? ಮೊದಲ ಮೂರಕ್ಕೆ ಮೇಷ್ಟ್ರುಗಳು ನಾಳೆಯಿಂದಲೇ ಏನಾದರೂ ಮಾಡಬಹುದು. ಸಂಜೆ ಎರಡು ಗಂಟೆ ಶಾಲೆಯ ಬಾಗಿಲು ತೆರೆದಿಟ್ಟರೂ ಅದು ಕೆಲಸವೇ. ನಾಲ್ಕನೆಯದು ಮೇಷ್ಟ್ರೊಬ್ಬರಿಂದ ಆಗದು, ಯಾವ ಯಂತ್ರದಿಂದಲೂ ಆಗದು. ಅದಕ್ಕೆ ಸಂಘಟನೆ ಬೇಕು, ಬೀದಿ ಬೇಕು, ಹೋರಾಟ ಬೇಕು. ಧಾರವಾಡದ ಹುಡುಗ 1856ರಲ್ಲಿ ಒಬ್ಬನೇ ಅರ್ಜಿ ಹಿಡಿದು ನಿಂತಿದ್ದ. ಒಬ್ಬನಿಗಾಗಿ ಬಾಗಿಲು ತೆರೆಯಲಾಗದು ಎಂದು ಸರಕಾರ ಹೇಳಿತ್ತು. ನಾವು ಈಗ ಒಬ್ಬರಲ್ಲ.